ಮೊದಲು ಆ ಬಟ್ಟೆ ನೋಡಿ

"ಒಳ್ಳೆ ಕೆಫೆ ಯಾವುದಾದರೂ ಇದ್ದರೆ ಹೇಳೋ" ಅಂತ ವಾರಕ್ಕೊಬ್ಬರಾದರೂ ಕೇಳುತ್ತಾರೆ. ಕೇಳೋದರಲ್ಲಿ ತಪ್ಪೇನಿಲ್ಲ. ಹದಿಮೂರು ವರ್ಷದಿಂದ ಕಾಫಿ ಮಷೀನ್ ರಿಪೇರಿ ಮಾಡಿಕೊಂಡು ಬದುಕುತ್ತಿರೋನು ನಾನು. ದಿನಕ್ಕೆ ಮೂರೋ ನಾಲ್ಕೋ ಅಂಗಡಿಗೆ ಹಿಂಬಾಗಿಲಿಂದ ಹೋಗಿ ಹಿಂಬಾಗಿಲಿಂದಲೇ ಬರುತ್ತೇನೆ. ಆದರೂ ಹೆಸರು ಹೇಳೋಕೆ ಬಾಯಿ ಬರಲ್ಲ. ಚೆನ್ನಾಗಿದೆ ಅಂತ ಹೇಳಿದ ಅಂಗಡಿ ಆರು ತಿಂಗಳಲ್ಲಿ ಬೇರೆಯವರ ಕೈಗೆ ಹೋಗಿರುತ್ತದೆ. ಇಲ್ಲಾ, ಕೈ ಪಳಗಿದ್ದ ಹುಡುಗ ಬಿಟ್ಟುಹೋಗಿ ನಿನ್ನೆ ಸೇರಿದವನು ಹಾಲು ಕಾಯಿಸುತ್ತಿರುತ್ತಾನೆ. ಬೈಗುಳ ಮಾತ್ರ ನನಗೆ. ಅದಕ್ಕೇ ಹೆಸರು ಬಿಟ್ಟು, ಒಂದು ಪುಟ್ಟ ಕೆಫೆಗೋ ಸ್ಯಾಂಡ್‌ವಿಚ್ ಅಂಗಡಿಗೋ ಕಾಲಿಟ್ಟಾಗ ನನ್ನ ಕಣ್ಣು ಎಲ್ಲೆಲ್ಲಿಗೆ ಹೋಗುತ್ತದೆ ಅಂತ ಬರೆದುಬಿಡುತ್ತೇನೆ. ಹುಡುಕಿಕೊಳ್ಳೋದು ನಿಮಗೆ ಬಿಟ್ಟದ್ದು.

ಮೊದಲು ಹೋಗುವುದು ಬಟ್ಟೆಯ ಮೇಲೆ.

ಎಸ್ಪ್ರೆಸೊ ಮಷೀನಿನ ಪಕ್ಕದಲ್ಲಿ ಹಾಲು ಕಾಯಿಸುವ ಸ್ಟೀಮ್ ಪೈಪ್ ನೇತಾಡುತ್ತಿರುತ್ತದಲ್ಲ, ಅದರ ಹತ್ತಿರ ಒಂದು ಒದ್ದೆ ಬಟ್ಟೆ ಮಡಚಿ ಇಟ್ಟಿರಬೇಕು. ಹಾಲಿನ ಜಗ್ಗನ್ನು ಕೆಳಗಿಳಿಸಿದ ಕೂಡಲೇ ಪೈಪ್ ಒರೆಸಬೇಕು, ಒರೆಸಿದ ಮೇಲೆ ಒಂದು ಸಲ 'ಬುಸ್' ಅಂತ ಉಗಿ ಬಿಡಬೇಕು. ಒರೆಸೋದು ಯಾಕೆ ಅಂತ ಎಲ್ಲರಿಗೂ ಗೊತ್ತಾಗುತ್ತದೆ. ಬುಸ್ ಅನ್ನಿಸೋದು ಯಾಕೆ ಅಂದರೆ, ಉಗಿ ನಿಲ್ಲಿಸಿದಾಗ ಪೈಪಿನಲ್ಲಿ ಉಳಿದ ಆವಿ ತಣಿದು ನೀರಾಗಿ ಕುಗ್ಗುತ್ತದೆ. ಖಾಲಿಯಾದ ಜಾಗ ತುದಿಯಲ್ಲಿರುವ ಹಾಲನ್ನು ಒಳಕ್ಕೆಳೆದುಕೊಳ್ಳುತ್ತದೆ. ಆ ಹಾಲು ಬಿಸಿ ಲೋಹಕ್ಕೆ ಅಂಟಿ ಬೆಂದು ಕೂತಿತು ಅಂದರೆ, ನಾಳೆ ಅದೇ ಪೈಪ್ ನಿಮ್ಮ ಕಪ್ಪಿಗೆ ಹೋಗುವ ಹಾಲಿನಲ್ಲಿ ಮುಳುಗುತ್ತದೆ.

ಒಂದು ಸಲ ಒಬ್ಬರು ಫೋನ್ ಮಾಡಿ, "ಸ್ಟೀಮೇ ಬರ್ತಿಲ್ಲ ಸಾರ್, ಬಾಯ್ಲರ್ ಹೋಗಿರಬೇಕು" ಅಂದರು. ಹೋಗಿ ಗೇಜ್ ನೋಡಿದೆ, ಒತ್ತಡ ಸರಿಯಾಗೇ ಇತ್ತು. ಪೈಪಿನ ತುದಿ ಬಿಚ್ಚಿದೆ. ನಾಲ್ಕು ತೂತುಗಳಲ್ಲಿ ಮೂರು ಮುಚ್ಚಿಹೋಗಿದ್ದವು. ಬಟ್ಟೆ ಹೊಲಿಯುವ ಸೂಜಿ ಹಾಕಿ ತಳ್ಳಿದರೆ ಹಳದಿ ಬಣ್ಣದ, ಮೇಣದಂಥ ಒಂದು ಉಂಡೆ ಈಚೆ ಬಂತು. ವಾಸನೆ ಬಗ್ಗೆ ಬರೆಯಲ್ಲ, ಊಟ ಮಾಡುತ್ತಾ ಓದುತ್ತಿರುವವರು ಇರಬಹುದು. ಅಂಗಡಿಯ ಮುಂದೆ ಮಾತ್ರ ಕಣ್ಣು ಕೋರೈಸುವ ದೀಪ, ಗೋಡೆ ತುಂಬ ಹಸಿರು ಬಳ್ಳಿ, ಜನ ನಿಂತು ಫೋಟೊ ತೆಗೆಸಿಕೊಳ್ಳುತ್ತಿದ್ದರು. ಬಳ್ಳಿಯೂ ಪ್ಲಾಸ್ಟಿಕ್ಕು.

ಬಟ್ಟೆಯಲ್ಲೂ ಒಂದು ಭೇದ ಇದೆ. ಪೈಪಿಗೊಂದು, ಮೇಜಿಗೊಂದು ಬೇರೆ ಬೇರೆ ಇರಬೇಕು. ಮೇಜು ಒರೆಸಿದ ಬಟ್ಟೆಯಲ್ಲೇ ಪೈಪನ್ನೂ ಒರೆಸಿದ್ದು ಕಂಡರೆ ನಾನು ಗಡಿಯಾರ ನೋಡಿಕೊಂಡು ಏನೋ ನೆನಪಾದವನ ಹಾಗೆ ಎದ್ದು ಬರುತ್ತೇನೆ. ಜಗಳ ಆಡಲ್ಲ. ನಾಳೆ ಅವರೇ ನನ್ನನ್ನು ರಿಪೇರಿಗೆ ಕರೀಬೇಕಲ್ಲ.

ಕಣ್ಣು ಆದ ಮೇಲೆ ಕಿವಿ. ಹಾಲು ಕಾಯುವ ಸದ್ದು ಕೇಳಿಸಿಕೊಳ್ಳಿ. ಮೊದಲ ಕೆಲವು ಸೆಕೆಂಡು ಮೆಲ್ಲಗೆ ಕಾಗದ ಹರಿದ ಹಾಗೆ ಚರ್ ಚರ್ ಅನ್ನಬೇಕು. ಗಾಳಿ ಒಳಗೆ ಹೋಗೋದು ಆಗ. ಆಮೇಲೆ ಪೈಪ್ ತುಸು ಆಳಕ್ಕಿಳಿದು ಹಾಲು ಸುಳಿಯಾಗಿ ತಿರುಗುತ್ತಾ ಸದ್ದು ತಗ್ಗಬೇಕು. ಮೊದಲಿಂದ ಕೊನೆತನಕ ಕೀಚಲು ದನಿಯಲ್ಲಿ ಕಿರುಚಿದರೆ ಆ ಹಾಲಿಗೆ ಗಾಳಿ ಸೇರಿಲ್ಲ, ಬರೀ ಕುದಿಯುತ್ತಿದೆ ಅಂತ ಅರ್ಥ. ಹಾಲು 60ರಿಂದ 65 ಡಿಗ್ರಿಗೆ ಬಂದಾಗ ನಿಲ್ಲಿಸಬೇಕು. 70 ದಾಟಿತೋ, ಬೆಂದ ಹಾಲಿನ ವಾಸನೆ ಬಂದು ಸಿಹಿ ಹಿಂದೆ ಸರಿಯುತ್ತದೆ. ಕೈ ಪಳಗಿದವರು ಥರ್ಮಾಮೀಟರ್ ಇಡಲ್ಲ. ಜಗ್ಗಿನ ಹೊಟ್ಟೆಯ ಮೇಲೆ ಅಂಗೈ ಇಟ್ಟುಕೊಂಡಿರುತ್ತಾರೆ, ಕೈ ಸುಟ್ಟು ಹಿಂದೆ ಸರಿದ ಕ್ಷಣ ಉಗಿ ನಿಲ್ಲಿಸುತ್ತಾರೆ. ಕೆಲವರು "ಇನ್ನೂ ಬಿಸಿ, ಇನ್ನೂ ಬಿಸಿ" ಅಂತ ಕೇಳಿ ಕುದಿಸಿಕೊಳ್ಳುತ್ತಾರೆ, ಅದು ಅವರ ಇಷ್ಟ. ನನ್ನಪ್ಪನೂ ಆ ಪಂಗಡದವರೇ.

ಈ ಮಷೀನುಗಳ ಬಗ್ಗೆ ಮಾತು ಬಂದರೆ ನನಗೆ ನಿಲ್ಲಿಸೋದು ಕಷ್ಟ, ಒಂದಿಷ್ಟು ತಡಕೊಳ್ಳಿ. ಉಗಿಯ ಬಲದಿಂದ ಕಾಫಿ ಇಳಿಸುವ ಮಷೀನಿಗೆ ಆಂಜೆಲೊ ಮೊರಿಯೊಂಡೊ ಇಟಲಿಯ ಟ್ಯೂರಿನ್‌ನಲ್ಲಿ ಪೇಟೆಂಟ್ ಪಡೆದದ್ದು 1884ರಲ್ಲಿ. ಅದು ಒಂದೇ ಸಲಕ್ಕೆ ಬೇಕಾದಷ್ಟು ಜನರಿಗೆ ಕಾಫಿ ಮಾಡುವ ದೊಡ್ಡ ಹಂಡೆಯಂಥದ್ದು. ಒಬ್ಬೊಬ್ಬರಿಗೂ ಎದುರಿಗೇ ಒಂದೊಂದು ಕಪ್ ಇಳಿಸುವ ಉಪಾಯ ಮಾಡಿದವನು ಮಿಲಾನ್‌ನ ಲುಯಿಜಿ ಬೆಜ್ಜೆರಾ, 1901ರಲ್ಲಿ. ಅವನ ಮಷೀನಿನಲ್ಲಿ ನೀರನ್ನು ತಳ್ಳುತ್ತಿದ್ದದ್ದು ಉಗಿಯೇ. ಒತ್ತಡ ಎರಡು ಬಾರ್ ಮುಟ್ಟಿದರೆ ಹೆಚ್ಚು, ನೀರು ಮಾತ್ರ ಕುದಿಕುದಿ. ಕಾಫಿ ಸುಟ್ಟ ವಾಸನೆ ಹೊಡೆಯುತ್ತಿತ್ತಂತೆ, ಹೊಡೆಯದೆ ಇನ್ನೇನು. 1938ರಲ್ಲಿ ಅಕಿಲ್ಲೆ ಗಾಜಾ ಉಗಿಯನ್ನು ನಂಬದ ದಾರಿಗೆ ಪೇಟೆಂಟ್ ತೆಗೆದುಕೊಂಡ, ಯುದ್ಧ ಮುಗಿದ ಮೇಲೆ ಸ್ಪ್ರಿಂಗು, ಸನ್ನೆಕೋಲು ಇರುವ ಅವನ ಮಷೀನ್ ಬಂತು. ಕಾಫಿಯ ಮೇಲಿನ ಆ ಹೊಂಬಣ್ಣದ ನೊರೆ ಕಾಣಿಸಿಕೊಂಡದ್ದು ಆ ಒತ್ತಡದಿಂದ. ಸನ್ನೆಯ ಜಾಗಕ್ಕೆ ವಿದ್ಯುತ್ ಪಂಪ್ ತಂದದ್ದು ಫಾಯೆಮಾ ಕಂಪನಿ, 1961ರಲ್ಲಿ. ಇ61 ಅಂತ ಅದರ ಹೆಸರು. ಆ ವರ್ಷದ ಸೂರ್ಯಗ್ರಹಣದ ನೆನಪಿಗೆ ಇಟ್ಟದ್ದು. ಅದರ ಗ್ರೂಪ್, ಅಂದರೆ ಕಾಫಿ ಪುಡಿಯ ಹಿಡಿ ಹೋಗಿ ಕೂರುವ ಆ ದಪ್ಪ ತಲೆ, ಅದೇ ವಿನ್ಯಾಸದಲ್ಲಿ ಇವತ್ತಿಗೂ ಎಷ್ಟೋ ಕಂಪನಿಗಳ ಮಷೀನುಗಳಲ್ಲಿ ಬರುತ್ತದೆ. ನೀರು ಸೋರದ ಹಾಗೆ ಅದರೊಳಗೆ ಕೂರಿಸುವ ರಬ್ಬರ್ ಬಳೆ, ಅಂದರೆ ಗ್ಯಾಸ್ಕೆಟ್, ನಾಲ್ಕಾರು ಯಾವಾಗಲೂ ನನ್ನ ಚೀಲದಲ್ಲಿ ಇರುತ್ತವೆ. ಆ ಗ್ಯಾಸ್ಕೆಟ್‌ದೇ ಒಂದು ಕಥೆ ಇದೆ, ಮುಂದೆ ಹೇಳುತ್ತೇನೆ.

ಪಂಪಿನ ಒತ್ತಡ ಸುಮಾರು 9 ಬಾರ್, ನೀರು 90ರಿಂದ 96 ಡಿಗ್ರಿ ನಡುವೆ, ಹದಿನೆಂಟು ಗ್ರಾಂ ಪುಡಿಗೆ ಅದರ ಎರಡು ಪಟ್ಟು ತೂಕದ ಕಾಫಿ ಇಪ್ಪತ್ತೈದು ಮೂವತ್ತು ಸೆಕೆಂಡಿನಲ್ಲಿ ಇಳಿಯಬೇಕು. ಗಿರಾಕಿಯಾಗಿ ನೀವು ಇದನ್ನೆಲ್ಲ ಅಳೆಯಬೇಕಿಲ್ಲ. ಧಾರೆ ನೋಡಿದರೆ ಸಾಕು. ಜೇನಿನ ಹಾಗೆ ಇಲಿಬಾಲದಷ್ಟು ಸಣ್ಣಗೆ ಇಳಿದರೆ ಸೈ. ನಲ್ಲಿ ಬಿಟ್ಟ ಹಾಗೆ ಹತ್ತೇ ಸೆಕೆಂಡಿಗೆ ಕಪ್ ತುಂಬಿತು ಅಂದರೆ ಗ್ರೈಂಡರಿನ ಹಲ್ಲು ಸವೆದಿದೆ, ಇಲ್ಲವೇ ಇವತ್ತು ಬೆಳಿಗ್ಗೆ ಯಾರೂ ಅದನ್ನು ಹದ ಮಾಡಿಲ್ಲ. ಗ್ರೈಂಡರಿನ ಮೇಲೆ ಬೀಜ ತುಂಬುವ ಪಾರದರ್ಶಕ ಡಬ್ಬ ಇರುತ್ತದೆ, ಅದನ್ನೂ ನೋಡಿ. ಒಳಗೋಡೆಗೆ ಕಂದು ಎಣ್ಣೆ ಪೊರೆ ಕಟ್ಟಿದ್ದರೆ ವಾರಗಟ್ಟಲೆ ತೊಳೆದಿಲ್ಲ. ಕಾಫಿ ಬೀಜದ ಎಣ್ಣೆ ಹಳತಾದರೆ ಕಮಟುತ್ತದೆ, ನೀವು ಎಷ್ಟು ದುಬಾರಿ ಬೀಜ ತಂದು ಹಾಕಿದರೂ ಆ ಕಮಟು ಅದಕ್ಕೆ ಹತ್ತುತ್ತದೆ.

ಈಗ ಸ್ಯಾಂಡ್‌ವಿಚ್. ಅದರ ಪಾಠ ನನಗೆ ಆದದ್ದು ನಾಲ್ಕೇ ಮೇಜಿನ ಒಂದು ಅಂಗಡಿಯಲ್ಲಿ. ನಡೆಸುವವರು ಒಬ್ಬರು ಅಕ್ಕ, ನನಗಿಂತ ಹತ್ತು ಹನ್ನೆರಡು ವರ್ಷ ದೊಡ್ಡವರು. ಅಲ್ಲಿನ ನೀರು ಗಡಸು, ಬಾಯ್ಲರಿನಲ್ಲಿ ಸುಣ್ಣ ಕಟ್ಟುತ್ತದೆ. ಸುಣ್ಣ ತೆಗೆಯುವ ದ್ರಾವಣ ಹಾಕಿದ ಮೇಲೆ ಅದು ಕೆಲಸ ಮಾಡುವ ತನಕ ಸುಮ್ಮನೆ ಕೂರಬೇಕು. ಹಾಗೆ ಕೂತು ಕೂತು ಅವರ ಕೈಯನ್ನೇ ನೋಡಿದ್ದೇನೆ.

ಅವರು ಬ್ರೆಡ್ಡನ್ನು ಮೊದಲೇ ಕತ್ತರಿಸಿ ಇಡೋದಿಲ್ಲ. ಬೆಳಿಗ್ಗೆ ಬಂದ ಇಡೀ ಬ್ರೆಡ್ ಕಟ್ಟಿಗೆ ಹಲಗೆ ಮೇಲೆ, ಕತ್ತರಿಸಿದ ಮಗ್ಗುಲು ಕೆಳಗೆ ಮಾಡಿ ಕೂತಿರುತ್ತದೆ. ಯಾರಾದರೂ ಕೇಳಿದಾಗ ಗರಗಸದ ಹಲ್ಲಿನ ಉದ್ದ ಚಾಕು ತೆಗೆದುಕೊಂಡು ಎರಡು ಹೋಳು ತೆಗೆಯುತ್ತಾರೆ. ಒತ್ತೋದಿಲ್ಲ. ಚಾಕುವಿನ ಭಾರ ಬ್ರೆಡ್ಡಿನ ಮೇಲೆ ಬೀಳುವುದೇ ಇಲ್ಲವೇನೋ ಅನ್ನುವ ಹಾಗೆ ಹಿಂದಕ್ಕೂ ಮುಂದಕ್ಕೂ ಎಳೆಯುತ್ತಾರೆ, ಹೋಳು ತಾನಾಗಿ ವಾಲಿಕೊಳ್ಳುತ್ತದೆ. ಬೆಣ್ಣೆ ಮೆತ್ತಗೆ ಹೊರಗೇ ಇರುತ್ತದೆ. ಅದನ್ನು ಎರಡೂ ಹೋಳಿಗೆ, ನಾಲ್ಕೂ ಅಂಚು ಮುಟ್ಟಿಸಿ ಹಚ್ಚುತ್ತಾರೆ. ಟೊಮೆಟೊ ಬಿಲ್ಲೆಗಳನ್ನು ಕತ್ತರಿಸಿ ಒಂದು ಒಣ ಬಟ್ಟೆಯ ಮೇಲೆ ಹರವಿರುತ್ತಾರೆ. ನೋಡನೋಡುತ್ತಲೇ ಬಟ್ಟೆಯ ಮೇಲೆ ಗುಂಡಗೆ ಒದ್ದೆ ಗುರುತು ಮೂಡುತ್ತದೆ. ಉಪ್ಪು, ಮೆಣಸಿನ ಪುಡಿ ಎಲ್ಲಕ್ಕಿಂತ ಕೊನೆಗೆ, ಮುಚ್ಚುವ ಮುಂಚಿನ ಕ್ಷಣದಲ್ಲಿ.

ಒಂದು ದಿನ ಕೇಳಿದೆ: "ಅಕ್ಕ, ಅಂಚಿನ ತನಕ ಬೆಣ್ಣೆ ಯಾಕೆ ಹಚ್ಚಬೇಕು? ನಡುವೆ ಹಚ್ಚಿದರೆ ಯಾರಿಗೆ ಗೊತ್ತಾಗುತ್ತೆ?"

ತಲೆ ಎತ್ತದೆ ಹೇಳಿದರು: "ಅರ್ಧ ಮನೆಗೆ ಹೆಂಚು ಹೊದಿಸಿ ಮಳೆಗಾಲ ಕಾಯ್ತೀಯೇನಪ್ಪಾ ನೀನು?"

ಅಷ್ಟೇ ಸಂಗತಿ. ಬೆಣ್ಣೆ ರುಚಿಗೆ ಇದ್ದದ್ದೇ. ಅದಕ್ಕಿಂತ ದೊಡ್ಡ ಕೆಲಸ ನೀರು ತಡೆಯೋದು. ಟೊಮೆಟೊದಲ್ಲಿ ನೂರಕ್ಕೆ ತೊಂಬತ್ನಾಲ್ಕು ಪಾಲು ನೀರು, ಸೌತೆಕಾಯಿಯಲ್ಲಿ ಇನ್ನೂ ಒಂದು ಪಾಲು ಹೆಚ್ಚು. ಅದರ ಮೇಲೆ ಉಪ್ಪು ಬಿತ್ತು ಅಂದರೆ ಆ ನೀರು ಈಚೆ ಬರೋಕೆ ಶುರು. ಜಿಡ್ಡು ಹಚ್ಚಿದ ಬ್ರೆಡ್ಡಿಗೆ ಅದು ಸುಲಭಕ್ಕೆ ಇಳಿಯಲ್ಲ, ಹಚ್ಚದೇ ಬಿಟ್ಟ ಅಂಚಿನಿಂದ ಇಳಿಯುತ್ತದೆ. ಕಚೇರಿಗೆ ಕಟ್ಟಿಸಿಕೊಂಡು ಹೋದ ಸ್ಯಾಂಡ್‌ವಿಚ್ ಮಧ್ಯಾಹ್ನ ಬಿಚ್ಚಿದಾಗ ಒದ್ದೆ ರಟ್ಟಿನ ಹಾಗೆ ಕೈಯಲ್ಲೇ ಜೋತುಬಿದ್ದದ್ದು ನಿಮಗೂ ಆಗಿರಬೇಕು. ಅಂಥ ಕಡೆ ಯಾರೋ ನಡುವೆ ಮಾತ್ರ ಬೆಣ್ಣೆ ಸವರಿ, ಉಪ್ಪು ಮೊದಲೇ ಉದುರಿಸಿದ್ದಾರೆ.

ಬ್ರೆಡ್ಡನ್ನು ಫ್ರಿಜ್ಜಿನಲ್ಲಿ ಇಡುವವರನ್ನು ಕಂಡರೆ ಅಕ್ಕನಿಗೆ ಮೈಯುರಿ. ನಾನು ಮೊದಮೊದಲು ಅದು ಅವರ ಹಠ ಅಂದುಕೊಂಡಿದ್ದೆ. ಓದಿ ನೋಡಿದರೆ ಅವರದ್ದೇ ಸರಿ. ಹಳೆ ಬ್ರೆಡ್ ಗಡುಸಾಗೋದು ಒಣಗಿದ್ದಕ್ಕೇ ಅಂತ ನಾವು ತಿಳಿದುಕೊಂಡಿರುತ್ತೇವೆ. ಬುಸ್ಯಾಂಗೋ ಅನ್ನುವ ಫ್ರೆಂಚ್ ರಸಾಯನಶಾಸ್ತ್ರಜ್ಞ 1852ರಲ್ಲೇ ಗಾಳಿಯಾಡದಂತೆ ಮುಚ್ಚಿಟ್ಟು, ನೀರಿನಂಶ ಹೋಗದಿದ್ದರೂ ಬ್ರೆಡ್ ಹಳತಾಗುತ್ತದೆ ಅಂತ ತೋರಿಸಿದ್ದ. ಬೇಯುವಾಗ ನೀರು ಕುಡಿದು ಸಡಿಲಾದ ಪಿಷ್ಟ ತಣಿಯುತ್ತಾ ಮತ್ತೆ ಸಾಲುಗಟ್ಟಿ ಬಿಗಿಯಾಗುತ್ತದೆ, ಅದೇ ಗಡುಸು. ಫ್ರಿಜ್ಜಿನ ತಂಪಿನಲ್ಲಿ ಈ ಕೆಲಸ ಹೊರಗಿಗಿಂತ ಬೇಗ ನಡೆಯುತ್ತದೆ. ಪೂರಾ ಹೆಪ್ಪುಗಟ್ಟಿಸುವ ಫ್ರೀಜರಿನಲ್ಲಿಟ್ಟರೆ ಪರವಾಗಿಲ್ಲ, ಅಲ್ಲಿ ಎಲ್ಲ ನಿಂತುಹೋಗುತ್ತದೆ. ಹಳತಾದದ್ದನ್ನು ಬಿಸಿ ಮಾಡಿದರೆ ಪಿಷ್ಟ ಮತ್ತೆ ಸಡಿಲಾಗಿ ಸ್ವಲ್ಪ ಹೊತ್ತು ಮೆದುವಾಗುತ್ತದೆ. ಕೆಲವು ಅಂಗಡಿಗಳಲ್ಲಿ ಏನು ಕೇಳಿದರೂ "ಗ್ರಿಲ್ ಮಾಡಿಯೇ ಕೊಡೋದು ಸರ್" ಅನ್ನುತ್ತಾರಲ್ಲ, ಒಮ್ಮೊಮ್ಮೆ ಅದರ ಗುಟ್ಟು ಇದೇ. ಹೊಸ ಜಾಗದಲ್ಲಿ ನಾನು ಮೊದಲು ಗ್ರಿಲ್ ಮಾಡದ ಸ್ಯಾಂಡ್‌ವಿಚ್ ಕೇಳುವುದು ಅದಕ್ಕೇ. ಬ್ರೆಡ್ ಬಚ್ಚಿಟ್ಟುಕೊಳ್ಳೋಕೆ ಜಾಗವೇ ಇರಲ್ಲ.

ಗ್ರಿಲ್ ಬೇಡ ಅಂತಲ್ಲ. ತಟ್ಟೆ ಹದವಾಗಿ ಕಾದು, ನಿಧಾನಕ್ಕೆ ಬ್ರೆಡ್ ಹೊಂಬಣ್ಣಕ್ಕೆ ತಿರುಗುತ್ತಾ ಒಳಗಿನ ಚೀಸ್ ಕರಗಬೇಕು. ಆ ಬಣ್ಣ ಬರಲು ಮೇಲ್ಮೈ 140 ಡಿಗ್ರಿ ದಾಟಬೇಕು. ಅವಸರಕ್ಕೆ ಉರಿ ಏರಿಸಿದರೆ ಮೇಲೆ ಕಪ್ಪು ಪಟ್ಟೆ, ಒಳಗೆ ಚೀಸ್ ಇನ್ನೂ ತಣ್ಣಗೆ ಚೌಕವಾಗಿ ಕೂತಿರುತ್ತದೆ. ಗ್ರಿಲ್ಲನ್ನೂ ನಾನೇ ರಿಪೇರಿ ಮಾಡುತ್ತೇನೆ, ಹಾಗಾಗಿ ಹೇಳುತ್ತೇನೆ, ಅರ್ಧಕ್ಕರ್ಧ ದೂರುಗಳು ಥರ್ಮೋಸ್ಟಾಟ್‌ದಲ್ಲ. ತಟ್ಟೆಯ ಗೀರುಗಳಲ್ಲಿ ಇದ್ದಿಲಾಗಿ ಕೂತ ನಿನ್ನೆ ಮೊನ್ನೆಯ ಚೂರುಗಳದ್ದು.

ಕೊನೆಗೆ ಅಕ್ಕ ಮೂಲೆಯಿಂದ ಮೂಲೆಗೆ ಕತ್ತರಿಸುತ್ತಾರೆ. ಹತ್ತು ಸೆಂಟಿಮೀಟರ್ ಚೌಕದ ಬ್ರೆಡ್ಡನ್ನು ನೇರಕ್ಕೆ ಕತ್ತರಿಸಿದರೆ ಒಳಗಿನದು ಕಾಣೋದು ಹತ್ತೇ ಸೆಂಟಿಮೀಟರ್, ಮೂಲೆಯಿಂದ ಕತ್ತರಿಸಿದರೆ ಹದಿನಾಲ್ಕು ಚಿಲ್ಲರೆ. ಮೊದಲ ತುತ್ತಿಗೇ ಬರೀ ಬ್ರೆಡ್ಡಿನ ಅಂಚು ಸಿಗೋದಿಲ್ಲ, ಚೂಪು ಮೂಲೆಯಲ್ಲಿ ಒಳಗಿನದೇ ಬಾಯಿಗೆ ಬರುತ್ತದೆ. ಇದನ್ನು ಅವರಿಗೆ ಲೆಕ್ಕ ಹಾಕಿ ವಿವರಿಸಿದ್ದೆ. "ಹೌದಾ?" ಅಂದರು, ಅಷ್ಟೇ.

ಅವರಿಗೆ ನನ್ನ ಮೇಲೆ ಸಲಿಗೆ ಬಂದದ್ದೇ ನನ್ನ ಒಂದು ತಪ್ಪಿನಿಂದ. ಗ್ಯಾಸ್ಕೆಟ್ ಕಥೆ ಅಂದೆನಲ್ಲ, ಇದು. ಅವರ ಮಷೀನಿನಲ್ಲಿ ಇರೋದು ಆ ಇ61 ಮಾದರಿಯ ಗ್ರೂಪೇ. ಅದರ ಗ್ಯಾಸ್ಕೆಟ್ಟಿನ ಒಂದು ಮಗ್ಗುಲಿನ ಅಂಚು ತುಸು ಇಳಿಜಾರು, ಆ ಮಗ್ಗುಲು ಮೇಲಕ್ಕೆ ಹೋಗಬೇಕು. ಹೊಸದಾಗಿ ಕೆಲಸ ಕಲಿತ ದಿನಗಳಲ್ಲಿ ಒಂದು ರಾತ್ರಿ ಅವಸರಕ್ಕೆ ಅದನ್ನು ತಲೆಕೆಳಗಾಗಿ ಕೂರಿಸಿ ಬಂದುಬಿಟ್ಟಿದ್ದೆ. ಮಾರನೇ ಬೆಳಿಗ್ಗೆ ಏಳಕ್ಕೆ ಫೋನು: "ಏನಪ್ಪಾ, ನಿನ್ನ ಮಷೀನು ಅಳ್ತಾ ಇದೆ, ಬಂದು ಸಮಾಧಾನ ಮಾಡು." ಹೋದೆ. ಹಿಡಿಯ ಸುತ್ತ ಬಿಸಿನೀರು ಸೋರುತ್ತಿದೆ, ಆರೇಳು ಜನ ಸಾಲಿನಲ್ಲಿ ನಿಂತಿದ್ದಾರೆ. ಅವರು ಬೈಯಲಿಲ್ಲ. ಸಾಲಿನಲ್ಲಿದ್ದವರಿಗೆ, "ಮಷೀನ್ ಡಾಕ್ಟರು ಬಂದ್ರು, ಹತ್ತು ನಿಮಿಷ" ಅಂದು ಎಲ್ಲರಿಗೂ ಒಂದೊಂದು ಹೋಳು ಬೆಣ್ಣೆ ಹಚ್ಚಿದ ಬ್ರೆಡ್ ಕೊಟ್ಟರು, ದುಡ್ಡಿಲ್ಲದೆ. ಯಾರೂ ಕದಲಲಿಲ್ಲ. ಬಿಸಿ ಗ್ರೂಪಿಗೆ ಕೈ ಹಾಕಿ ನನ್ನ ಬೆರಳ ತುದಿ ಸುಟ್ಟದ್ದು ಬೇರೆ. ಆವತ್ತು ಬರೀ ಸಂಬಳ ಬರುವ ಕೆಲಸ ಅಂತ ಮಾಡುತ್ತಿದ್ದವನಿಗೆ, ಬೆಳಿಗ್ಗೆ ಏಳು ಗಂಟೆಗೆ ಸಾಲಿನಲ್ಲಿ ನಿಲ್ಲುವ ಮುಖಗಳು ಹೇಗಿರುತ್ತವೆ ಅಂತ ಮೊದಲ ಸಲ ಕಂಡವು.

ಗೋಡೆ ತುಂಬ ಸ್ಯಾಂಡ್‌ವಿಚ್ ಪ್ರಭುವಿನ ಕಥೆ ಬರೆಸಿರುವ ಅಂಗಡಿಗಳಿವೆ. ಜೂಜಿನ ಮೇಜು ಬಿಟ್ಟೇಳಲು ಮನಸ್ಸಿಲ್ಲದೆ ಎರಡು ಬ್ರೆಡ್ಡಿನ ನಡುವೆ ಮಾಂಸ ತರಿಸಿಕೊಂಡ ಅಂತ. ಜಾನ್ ಮಾಂಟೆಗು, ನಾಲ್ಕನೇ ಸ್ಯಾಂಡ್‌ವಿಚ್ ಪ್ರಭು, ನಿಜಕ್ಕೂ ಇದ್ದವನೇ. 1762ರ ನವೆಂಬರಿನಲ್ಲಿ ಇತಿಹಾಸಕಾರ ಎಡ್ವರ್ಡ್ ಗಿಬ್ಬನ್ ತನ್ನ ದಿನಚರಿಯಲ್ಲಿ ಲಂಡನ್ನಿನ ದೊಡ್ಡ ದೊಡ್ಡವರು ಕ್ಲಬ್ಬಿನಲ್ಲಿ ಕೂತು ಸ್ಯಾಂಡ್‌ವಿಚ್ ತಿನ್ನುತ್ತಿದ್ದುದನ್ನು ಬರೆದಿದ್ದಾನೆ, ಅಂದರೆ ಆ ಹೊತ್ತಿಗೆ ಹೆಸರು ಬಿದ್ದಾಗಿತ್ತು. ಜೂಜಿನ ಮಾತು ಒಬ್ಬ ಫ್ರೆಂಚ್ ಪ್ರವಾಸಿಯ ಬಾಯಿಂದ ಬಂದದ್ದು. ನೌಕಾಪಡೆಯ ಆಡಳಿತ ನೋಡುತ್ತಿದ್ದ ಆ ಮನುಷ್ಯ ಕಡತಗಳ ಮುಂದೆ ಕೂತೇ ತಿಂದಿರಬಹುದು ಅಂತ ಅವನ ಜೀವನ ಬರೆದವರು ಹೇಳುತ್ತಾರೆ. ನನಗೂ ಅದೇ ಸರಿ ಅನ್ನಿಸುತ್ತದೆ. ಒಂದು ಕೈಯಲ್ಲಿ ಸ್ಪ್ಯಾನರ್ ಹಿಡಿದು ಇನ್ನೊಂದು ಕೈಯಲ್ಲಿ ತಿನ್ನುವವನಿಗೆ ಆ ತಿಂಡಿ ಯಾಕೆ ಹುಟ್ಟಿತು ಅಂತ ಯಾರೂ ವಿವರಿಸಬೇಕಿಲ್ಲ. ನನಗೆ ಗೋಡೆಯ ಮೇಲೆ ಯಾರದಾದರೂ ಹೆಸರು ಬೇಕು ಅಂದರೆ ಒಟ್ಟೊ ರೋವೆಡ್ಡರ್‌ದು ಬರೆಸಿ. ಬ್ರೆಡ್ ಹೋಳು ಮಾಡುವ ಅವನ ಮಷೀನಿನಿಂದ ಮೊದಲ ಕಟ್ಟು ಮಾರಾಟವಾದದ್ದು 1928ರ ಜುಲೈ 7ರಂದು, ಅಮೆರಿಕದ ಮಿಸೌರಿ ರಾಜ್ಯದ ಚಿಲಿಕೊಥೆಯಲ್ಲಿ. ಜನಕ್ಕೆ ಅದು ಎಷ್ಟು ಅಭ್ಯಾಸವಾಗಿಹೋಯಿತು ಅಂದರೆ, 1943ರಲ್ಲಿ ಯುದ್ಧದ ಕಾರಣಕ್ಕೆ ಅಮೆರಿಕ ಸರ್ಕಾರ ಹೋಳು ಬ್ರೆಡ್ ನಿಷೇಧಿಸಿ ಎರಡು ತಿಂಗಳೂ ತಡೆಯಲಾರದೆ ಕೈಬಿಟ್ಟಿತು. ಅಕ್ಕನಿಗೆ ಇದನ್ನು ಹೇಳಿದಾಗ ನಕ್ಕಿದ್ದು ನಿಜ, ಆದರೆ ಚಾಕು ಬಿಡಲಿಲ್ಲ.

ಮೊದಲೇ ಮಾಡಿ ಗಾಜಿನ ಪೆಟ್ಟಿಗೆಯಲ್ಲಿ ಜೋಡಿಸಿಟ್ಟ ಸ್ಯಾಂಡ್‌ವಿಚ್ ಬಗ್ಗೆ ಮಾತ್ರ ತಮಾಷೆ ಇಲ್ಲ. ಪೆಟ್ಟಿಗೆ ತಣ್ಣಗಿದೆಯಾ ಅಂತ ಗಾಜಿಗೆ ಕೈ ಬೆನ್ನು ಇಟ್ಟು ನೋಡಿ, ಮುಜುಗರ ಬೇಡ. ಬೇಯಿಸಿದ ಪದಾರ್ಥ 5 ಡಿಗ್ರಿಗಿಂತ ಕೆಳಗೆ ಇರಬೇಕು, ಇಲ್ಲಾ 60ಕ್ಕಿಂತ ಮೇಲೆ ಬಿಸಿಯಾಗಿರಬೇಕು. ನಡುವಿನ ಹವೆಯಲ್ಲಿ ಎರಡು ಗಂಟೆಗಿಂತ ಹೆಚ್ಚು ಇಡಬಾರದು ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಇದೆಲ್ಲ ಬಾಯಿಪಾಠ ಇರುವ ನಾನೇ ಒಮ್ಮೆ ಒಂದು ಅಂಗಡಿಯಲ್ಲಿ ಕೆಲಸ ಮುಗಿಸಿ, ಹಸಿವು ತಾಳಲಾರದೆ ಪೆಟ್ಟಿಗೆಯಿಂದ ಮೊಟ್ಟೆ ಸ್ಯಾಂಡ್‌ವಿಚ್ ತೆಗೆದುಕೊಂಡೆ. ಪೆಟ್ಟಿಗೆಯೊಳಗೆ ದೀಪ ಉರಿಯುತ್ತಿತ್ತು. ತಣ್ಣಗಿಡುವ ಕಂಪ್ರೆಸರಿನ ಸದ್ದಿರಲಿಲ್ಲ. ಅಲ್ಲೇ ಮಂಡಿಯೂರಿ ಒಂದು ಗಂಟೆ ಕೆಲಸ ಮಾಡಿದ್ದೇನೆ, ಸದ್ದಿಲ್ಲ ಅಂತ ಕಿವಿಗೆ ಬಿದ್ದೂ ಇದೆ. ಹಗಲು ಕಂಡ ಬಾವಿಗೆ ಇರುಳು ಬಿದ್ದ ಹಾಗಾಯಿತು. ಎರಡು ದಿನ ಚಾಪೆ ಬಿಟ್ಟೇಳಲಿಲ್ಲ. ಆವತ್ತಿಂದ ದೀಪ ನಂಬೋದಿಲ್ಲ.

ಮೆನು ಉದ್ದ ಇದ್ದಷ್ಟೂ ನನಗೆ ಅನುಮಾನ. ಅರವತ್ತು ಬಗೆ ಬರೆದಿದ್ದರೆ ಅದರಲ್ಲಿ ಐವತ್ತು ಯಾರೂ ಕೇಳದವು, ಅವುಗಳ ಡಬ್ಬಗಳು ಎಂದು ತೆರೆದವೋ ದೇವರೇ ಬಲ್ಲ. ಎಂಟು ಬಗೆ ಇದ್ದು, ಅದರಲ್ಲೊಂದರ ಮೇಲೆ ಸೀಮೆಸುಣ್ಣದಲ್ಲಿ ಗೀಟು ಎಳೆದು "ಇವತ್ತು ಮುಗಿಯಿತು" ಅಂತ ಬರೆದಿದ್ದರೆ ಧೈರ್ಯವಾಗಿ ಕೂತುಕೊಳ್ಳಿ. ಕುರ್ಚಿ, ಹಾಡು, ವೈಫೈ ಬಗ್ಗೆ ನನಗೆ ಅಭಿಪ್ರಾಯ ಇದೆ, ಬರೆದರೆ ಜಗಳ ಆಗುತ್ತದೆ.

ಇನ್ನೊಂದು ಮಾತು. ಹೊಸ ಕೆಫೆಯನ್ನು ಪರೀಕ್ಷೆ ಮಾಡಬೇಕು ಅಂತಿದ್ದರೆ ಬೆಳಿಗ್ಗೆ ಹೋಗಬೇಡಿ, ಬಾಗಿಲು ಹಾಕುವ ಅರ್ಧ ಗಂಟೆ ಮುಂಚೆ ಹೋಗಿ. ಆ ಹೊತ್ತಿಗೆ ಮಷೀನ್ ತೊಳೆಯಬೇಕು. ತೂತಿಲ್ಲದ ಒಂದು ಬಟ್ಟಲನ್ನು ಹಿಡಿಗೆ ಹಾಕಿ, ಅದರಲ್ಲಿ ಒಂದು ಚಮಚ ತೊಳೆಯುವ ಪುಡಿ ಹಾಕಿ ಪಂಪ್ ಒತ್ತಿ ನಿಲ್ಲಿಸಿದರೆ, ನೀರಿಗೆ ಹೋಗೋಕೆ ದಾರಿಯಿಲ್ಲದೆ ಹಿಂದಕ್ಕೆ ತಿರುಗಿ ಗ್ರೂಪಿನ ಹೊಟ್ಟೆಯನ್ನೆಲ್ಲ ತೊಳೆದುಕೊಂಡು ಕೆಳಗಿನ ತಟ್ಟೆಗೆ ಬೀಳುತ್ತದೆ. ಮೊದಲ ಸಲ ಬರುವ ನೀರು ಕಷಾಯದ ಬಣ್ಣಕ್ಕಿರುತ್ತದೆ. ಅದು ತಿಳಿಯಾಗುವ ತನಕ ಮಾಡಬೇಕು, ಆಮೇಲೆ ಪುಡಿಯಿಲ್ಲದೆ ಬರೀ ನೀರಿನಲ್ಲಿ ಇನ್ನೂ ಕೆಲವು ಸಲ. ದಿನಾ ಮಾಡಬೇಕಾದ ಕೆಲಸ, ಗಿರಾಕಿಗೆ ಕಾಣದ ಕೆಲಸ. ಆ ಹೊತ್ತಿನಲ್ಲಿ ನೀವು ಹೋಗಿ ಕಾಫಿ ಕೇಳಿದಾಗ, "ಮಷೀನ್ ತೊಳೆದಾಯ್ತು, ಕಾಫಿ ಇಲ್ಲ" ಅಂದರೆ ಮುಖ ಗಂಟು ಹಾಕಿಕೊಳ್ಳಬೇಡಿ. ಮರುದಿನ ಬೆಳಿಗ್ಗೆ ಅದೇ ಅಂಗಡಿಗೆ ಹೋಗಿ.

ಕಳೆದ ವಾರ ಎಲ್ಲೋ ಕೆಲಸ ಮುಗಿಸಿ ಅಕ್ಕನ ಅಂಗಡಿ ಮುಟ್ಟುವಾಗ ತಡವಾಗಿತ್ತು. ಗಲ್ಲಾದ ಹತ್ತಿರ ಹೊಸ ಹುಡುಗಿ, ನನ್ನ ಗುರುತಿಲ್ಲ. ಸ್ಟೀಮ್ ಪೈಪಿನ ತುದಿ ಬಿಚ್ಚಿ ಬಿಸಿನೀರಿನ ಲೋಟದಲ್ಲಿ ನೆನೆಹಾಕಿದ್ದಾಳೆ, ಬಟ್ಟೆ ಹಿಂಡಿ ಹರವಿದ್ದಾಳೆ.

"ಒಂದು ಕಾಫಿ ಕೊಡಮ್ಮ."

"ತೊಳೆದಾಯ್ತು ಅಣ್ಣ. ನಾಳೆ ಬನ್ನಿ."

ಒಳಗಿಂದ ಅಕ್ಕ ಇಣುಕಿ ನೋಡಿದರು. ಈ ಮಷೀನನ್ನು ಹನ್ನೊಂದು ವರ್ಷದಿಂದ ನೋಡಿಕೊಳ್ಳುತ್ತಿರೋನು ಇವನೇ ಕಣೇ, ಒಂದು ಕಾಫಿ ಮಾಡಿಕೊಡು ಅಂತಾರೇನೋ ಅಂದುಕೊಂಡೆ. ಅನ್ನಲಿಲ್ಲ. "ಕೇಳಿಸ್ತಲ್ಲ?" ಅಂತ ನನಗೇ ಹೇಳಿ, ಹಲಗೆ ಮೇಲೆ ಉಳಿದಿದ್ದ ಬ್ರೆಡ್ಡಿನ ಕೊನೆಯ ತುದಿ, ಆ ದಪ್ಪ ಗಟ್ಟಿ ಹೋಳು, ಕತ್ತರಿಸಿ ಬೆಣ್ಣೆ ಹಚ್ಚಿ ಕೈಗಿಟ್ಟರು. ಅಂಚಿನ ತನಕ.